ಸಿ11ರಿಂದ ಸಿ18: ಅಳತೆಯ ಬೋರ್ಡಿನಲ್ಲಿ ಖಾಲಿ ಬಿಟ್ಟ ಎಂಟು ಜಾಗಗಳು

ಸಂಪಾದಕರಿಗೆ,

ಮಾನ್ಯರೇ,

ಕೃಷಿ ಮತ್ತು ತಂತ್ರಜ್ಞಾನದ ಪುಟಗಳಲ್ಲಿ ಈಚೆಗೆ ಸೆನ್ಸರ್‌ಗಳ ಬಗ್ಗೆ ಬರೆಯದ ಪತ್ರಿಕೆಯೇ ಇಲ್ಲ. ಹನಿ ನೀರಾವರಿ, ರೇಷ್ಮೆಹುಳು ಸಾಕುವ ಮನೆ, ಹಾಲಿನ ಶೀತಲೀಕರಣ ಘಟಕ, ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್, ಹೀಗೆ ಎಲ್ಲೆಡೆ ಉಷ್ಣಾಂಶವನ್ನೂ ತೇವಾಂಶವನ್ನೂ ಅಳೆದು ಮೊಬೈಲಿಗೆ ಕಳಿಸುವ ಪೆಟ್ಟಿಗೆಗಳು ಬಂದಿವೆ, ಅವುಗಳ ಬಗ್ಗೆ ಬರಹಗಳೂ ಬರುತ್ತಿವೆ. ಆ ಬರಹಗಳಲ್ಲಿ ಒಂದು ತುದಿಗೆ ಸೆನ್ಸರ್ ಇರುತ್ತದೆ, ಇನ್ನೊಂದು ತುದಿಗೆ ಮೊಬೈಲ್ ಇರುತ್ತದೆ. ಇವೆರಡರ ನಡುವೆ, ಎಂಟು ಕಡೆಯಿಂದ ಬಂದ ಎಂಟು ತಂತಿಗಳ ವೋಲ್ಟೇಜನ್ನು ಒಂದೇ ಚಿಪ್ಪು ಸರದಿಯ ಮೇಲೆ ಅಂಕಿಯಾಗಿಸುತ್ತದೆ ಎಂಬುದನ್ನೂ, ಆ ಚಿಪ್ಪಿನ ಮುಂದೆ ಇರಬೇಕಾದ ಒಂದು ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ) ಮತ್ತು ಒಂದು ಕೆಪಾಸಿಟರ್ (ವಿದ್ಯುದಂಶವನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ) ಸರಿಯಿಲ್ಲದಿದ್ದರೆ ಇಡೀ ವ್ಯವಸ್ಥೆ ಗಂಭೀರವಾಗಿ ಸುಳ್ಳು ಹೇಳುತ್ತದೆ ಎಂಬುದನ್ನೂ ಯಾರೂ ಬರೆದಂತೆ ಕಾಣಲಿಲ್ಲ. ಇಂಥ ಉಪಕರಣಗಳ ದುರಸ್ತಿಯನ್ನೇ ಹೊಟ್ಟೆಪಾಡಿಗೆ ನಂಬಿಕೊಂಡಿರುವ ನಾನು ಎರಡು ಅನುಭವಗಳನ್ನು ಮುಂದಿಟ್ಟು ಆ ಕೊರತೆಯನ್ನು ಸ್ವಲ್ಪ ತುಂಬಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಕ್ಷಮೆಯಿರಲಿ.

ಬ್ಯಾಡಗಿ ಸುತ್ತಮುತ್ತ ಕೋಲ್ಡ್ ಸ್ಟೋರೇಜ್‌ಗಳು ಏಕಿವೆ ಎಂಬುದನ್ನು ನಿಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಆ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ, ಬಣ್ಣ ಉಳಿಯುವುದು ತಂಪಿನಲ್ಲಿ. ಅಂಥ ಒಂದು ಕೋಲ್ಡ್ ಸ್ಟೋರೇಜ್‌ನವರು ಒಂದು ಮಾರ್ಚ್ ತಿಂಗಳಲ್ಲಿ ನನ್ನನ್ನು ಕರೆಸಿದರು. ಅಲ್ಲಿ ಆರು ಕೋಣೆಗಳು. ಸೆನ್ಸರ್ ತಂತಿಗಳು ಬಂದು ಸೇರುವ ಎಂಟು ಚಾನೆಲ್‌ಗಳಲ್ಲಿ ಒಂದರಿಂದ ಆರರವರೆಗಿನವು ಆ ಕೋಣೆಗಳವು, ಏಳನೆಯದು ಚೀಲ ಇಳಿಸುವ ಪಡಸಾಲೆಯದು, ಎಂಟನೆಯದು ಹೊರಗೋಡೆಯ ಮೇಲಿನದು. ಕೋಣೆಗಳನ್ನು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವಂತೆ ಕಂಟ್ರೋಲರ್‌ಗೆ ಹೇಳಿತ್ತು, ಪ್ಯಾನಲ್ ಮೇಲೂ 4.0 ಎಂದೇ ಕಾಣುತ್ತಿತ್ತು. ಆದರೆ ಒಂದನೇ ಕೋಣೆಯ ಕೂಲಿಂಗ್ ಮಾತ್ರ ಮಿಕ್ಕವುಗಳಿಗಿಂತ ಹೆಚ್ಚು ಹೊತ್ತು ಓಡುತ್ತಿತ್ತು, ಅದೂ ಬಿಸಿಲೇರಿದಂತೆ ಹೆಚ್ಚು. ಒಂದನೇ ಕೋಣೆ ಪಡುವಣ ಗೋಡೆಗೆ ಅಂಟಿಕೊಂಡಿದ್ದರಿಂದ, ಗೋಡೆಯ ಇನ್ಸುಲೇಷನ್ ಹೋಗಿದೆ, ಪ್ಯಾನೆಲ್‌ಗಳನ್ನೆಲ್ಲ ಕಿತ್ತು ಹೊಸದು ಹಾಕಬೇಕು ಎಂದು ಯಾರೋ ಸಲಹೆ ಕೊಟ್ಟು, ಲಕ್ಷಾಂತರ ರೂಪಾಯಿಯ ಅಂದಾಜುಪಟ್ಟಿಯೂ ಮಾಲೀಕರ ಮೇಜಿನ ಮೇಲೆ ಬಂದು ಕೂತಿತ್ತು.

ನಾನು ಮೊದಲು ಮಾಡಿದ್ದು ಹಳೆಯ ಕಾಲದ ಕೆಲಸ. ಗಾಜಿನ ಥರ್ಮಾಮೀಟರನ್ನು ಒಂದನೇ ಕೋಣೆಯಲ್ಲಿ ಸೆನ್ಸರ್ ಪಕ್ಕದಲ್ಲೇ ಕಟ್ಟಿ, ಬಾಗಿಲು ಹಾಕಿ, ಅರ್ಧ ಗಂಟೆ ಬಿಟ್ಟು ನೋಡಿದೆ. ಅದು 3 ಡಿಗ್ರಿ ತೋರಿಸಿತು. ಅಂದರೆ ಕೋಣೆ ಬಿಸಿಯಾಗುತ್ತಿರಲಿಲ್ಲ, ಬೇಕಾದ್ದಕ್ಕಿಂತ ತಣ್ಣಗಾಗುತ್ತಿತ್ತು. ಕಂಟ್ರೋಲರ್ ಮೂರನ್ನು ನಾಲ್ಕೆಂದು ತಿಳಿದು ಕೂಲಿಂಗನ್ನು ಸುಮ್ಮನೆ ದುಡಿಸುತ್ತಿತ್ತು. ಸೆನ್ಸರ್ ಕೆಟ್ಟಿದೆಯೇ ಎಂದು ಒಂದನ್ನೂ ಎರಡನ್ನೂ ಅದಲುಬದಲು ಮಾಡಿದೆ. ತಪ್ಪು ಸೆನ್ಸರ್ ಜೊತೆ ಹೋಗಲಿಲ್ಲ, ಒಂದನೇ ಚಾನೆಲ್‌ನಲ್ಲೇ ಉಳಿಯಿತು. ಎರಡರಿಂದ ಆರರವರೆಗಿನ ಚಾನೆಲ್‌ಗಳು ಗಾಜಿನ ಥರ್ಮಾಮೀಟರಿಗೆ ಸರಿಯಾಗಿ ಹೊಂದುತ್ತಿದ್ದವು.

ಹೊತ್ತು ಹನ್ನೊಂದಾಗಿತ್ತು. ಕಾವಲುಗಾರರು ತಂದುಕೊಟ್ಟ ಚಹಾವನ್ನು ಅರ್ಧ ಕುಡಿದು, ಏಕೆ ಹೊಳೆಯಿತೋ ಏನೋ, ಉಳಿದರ್ಧ ಚಹಾ ಇದ್ದ ಲೋಟದೊಳಗೆ ಹೊರಗೋಡೆಯ ಎಂಟನೇ ಸೆನ್ಸರನ್ನು ಅದ್ದಿದೆ. ಎಂಟನೇ ಚಾನೆಲ್ 32ರಿಂದ 60ರ ಹತ್ತಿರಕ್ಕೆ ಏರಿತು, ಅದು ಸಹಜ. ಅದರ ಜೊತೆಗೇ ಒಂದನೇ ಕೋಣೆಯ ಅಂಕಿ 4.0ರಿಂದ 4.7ಕ್ಕೆ ಏರಿತು. ಒಂದನೇ ಕೋಣೆಯ ಬಾಗಿಲು ಮುಚ್ಚಿತ್ತು, ಅದರ ಸೆನ್ಸರಿಗೂ ಚಹಾದ ಲೋಟಕ್ಕೂ ನಡುವೆ ದಪ್ಪ ಗೋಡೆಯಿತ್ತು. ಚಹಾ ಆರುತ್ತ ಬಂದಂತೆ ಆ ಅಂಕಿಯೂ ಇಳಿಯುತ್ತ ಬಂತು. ಇನ್ಸುಲೇಷನ್‌ನ ಅಂದಾಜುಪಟ್ಟಿಯನ್ನು ಮಾಲೀಕರು ಮಡಿಚಿ ಡ್ರಾಯರಿನಲ್ಲಿಟ್ಟರು.

ಇದು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ಪಿಗೆ ಎಡಿಸಿ ಎನ್ನುತ್ತಾರೆ. ಎಂಟು ಚಾನೆಲ್‌ಗಳ ಎಡಿಸಿ ಎಂದರೆ ಎಂಟು ಎಡಿಸಿಗಳಲ್ಲ. ಒಳಗೆ ಅಳೆಯುವ ಯಂತ್ರ ಒಂದೇ; ಅದರ ಮುಂದೆ ಎಂಟು ಬಾಗಿಲುಗಳ ಒಂದು ಸ್ವಿಚ್ಚು ಇರುತ್ತದೆ, ಅದಕ್ಕೆ ಮಲ್ಟಿಪ್ಲೆಕ್ಸರ್ ಎನ್ನುತ್ತಾರೆ. ಒಂದು ಬಾಗಿಲು ತೆರೆದಾಗ ಹೊರಗಿನ ವೋಲ್ಟೇಜು ಒಳಗಿನ ಒಂದು ಪುಟ್ಟ ಕೆಪಾಸಿಟರನ್ನು ತುಂಬುತ್ತದೆ, ಆಮೇಲೆ ಬಾಗಿಲು ಮುಚ್ಚಿ ಆ ಕೆಪಾಸಿಟರಿನಲ್ಲಿ ನಿಂತ ವೋಲ್ಟೇಜನ್ನು ಅಳೆಯಲಾಗುತ್ತದೆ. ಮುಂದಿನ ಚಾನೆಲ್‌ನ ಬಾಗಿಲು ತೆರೆಯುವಾಗ ಆ ಕೆಪಾಸಿಟರಿನಲ್ಲಿ ಹಿಂದಿನ ಚಾನೆಲ್‌ನ ವಿದ್ಯುದಂಶ ಇನ್ನೂ ಉಳಿದಿರಬಹುದು. ಹೊಸ ವೋಲ್ಟೇಜು ಅದನ್ನು ಕೊಟ್ಟ ಸಮಯದೊಳಗೆ ಪೂರ್ತಿ ತೊಳೆದು ತನ್ನ ಮಟ್ಟಕ್ಕೆ ತರಬೇಕು. ತರಲಾಗದಿದ್ದರೆ, ಪಂಕ್ತಿಯಲ್ಲಿ ಸಾರಿನ ಸೌಟನ್ನೇ ಪಾಯಸದ ಪಾತ್ರೆಗೆ ಅದ್ದಿದ ಹಾಗೆ, ಹಿಂದಿನದರ ರುಚಿ ಮುಂದಿನದರಲ್ಲಿ ಬಂದೇ ಬರುತ್ತದೆ. ನಮ್ಮ ಕೋಲ್ಡ್ ಸ್ಟೋರೇಜ್‌ನಲ್ಲಿ ಎಂಟಾದ ಮೇಲೆ ಸರದಿ ಮತ್ತೆ ಒಂದಕ್ಕೆ ಬರುತ್ತಿತ್ತು. ಹೊರಗಿನ ಬಿಸಿಲಿನ ರುಚಿ ಒಂದನೇ ಕೋಣೆಗೆ ಹತ್ತುತ್ತಿತ್ತು. ಎರಡರಿಂದ ಆರರವರೆಗಿನವು ಒಂದರ ಹಿಂದೊಂದು ಒಂದೇ ಉಷ್ಣಾಂಶದವು, ಸಾರಿನ ಸೌಟು ಸಾರಿಗೇ ಬಿದ್ದಂತಾಗಿ ಅಲ್ಲಿ ತಪ್ಪು ಕಾಣುತ್ತಿರಲಿಲ್ಲ. ಏಳು ಮತ್ತು ಎಂಟರಲ್ಲೂ ತಪ್ಪು ಇದ್ದೇ ಇತ್ತು; ಪಡಸಾಲೆ ಮತ್ತು ಹೊರಗೋಡೆಯ ಅಂಕಿಯನ್ನು ಯಾರೂ ದಿಟ್ಟಿಸಿ ನೋಡುತ್ತಿರಲಿಲ್ಲ, ಅಷ್ಟೆ.

ಬೋರ್ಡ್ ಬಿಚ್ಚಿ ನೋಡಿದೆ. ಚಿಪ್ಪು ಎಂಸಿಪಿ3208, 12 ಬಿಟ್, 8 ಚಾನೆಲ್; ಎಲ್ಲೆಡೆ ಬಳಕೆಯಲ್ಲಿರುವ ಒಳ್ಳೆಯ ಚಿಪ್ಪು, ಅದರದೇನೂ ತಪ್ಪಿಲ್ಲ. ಅದರ ಡೇಟಾಶೀಟ್, ಅಂದರೆ ತಯಾರಕರ ವಿವರಪಟ್ಟಿ, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಒಳಗಿನ ಸ್ಯಾಂಪಲ್ ಕೆಪಾಸಿಟರ್ 20 ಪಿಕೋಫ್ಯಾರಡ್, ಸ್ವಿಚ್ಚಿನ ರೆಸಿಸ್ಟೆನ್ಸ್ ಸುಮಾರು 1 ಕಿಲೋಓಮ್, ಬಾಗಿಲು ತೆರೆದಿರುವುದು ಒಂದೂವರೆ ಕ್ಲಾಕ್ (ಚಿಪ್ಪನ್ನು ನಡೆಸುವ ತಾಳದ ಒಂದೂವರೆ ಮಿಡಿತ) ಹೊತ್ತು ಮಾತ್ರ. ಕ್ಲಾಕ್ ಪಿನ್ನಿಗೆ ಆಸಿಲೋಸ್ಕೋಪ್ ಹಿಡಿದಾಗ 2 ಮೆಗಾಹರ್ಟ್ಸ್ ಇತ್ತು, ಅಂದರೆ ತುಂಬಿಕೊಳ್ಳಲು ಸಿಗುವ ಸಮಯ 0.75 ಮೈಕ್ರೋಸೆಕೆಂಡ್. ಚಿಪ್ಪಿನ ಪ್ರತಿಯೊಂದು ಪಿನ್ನಿನ ಮುಂದೆಯೂ 10 ಕಿಲೋಓಮ್‌ನ ಒಂದು ರೆಸಿಸ್ಟರ್ ಸರಣಿಯಲ್ಲಿತ್ತು. ಈಗ ಲೆಕ್ಕ ಹಾಕಿ: 10ಕ್ಕೆ ಸ್ವಿಚ್ಚಿನ 1 ಕೂಡಿಸಿ 11 ಕಿಲೋಓಮ್, ಅದನ್ನು 20 ಪಿಕೋಫ್ಯಾರಡ್‌ನಿಂದ ಗುಣಿಸಿದರೆ, ಕೆಪಾಸಿಟರ್ ಎಷ್ಟು ಬೇಗ ತುಂಬುತ್ತದೆ ಎಂದು ಹೇಳುವ ಟೈಮ್ ಕಾನ್‌ಸ್ಟಂಟ್ 0.22 ಮೈಕ್ರೋಸೆಕೆಂಡ್. 12 ಬಿಟ್‌ನ 4096 ಮೆಟ್ಟಿಲುಗಳಲ್ಲಿ ಅರ್ಧ ಮೆಟ್ಟಿಲಿನಷ್ಟು ಹತ್ತಿರ ಬರಬೇಕಾದರೆ ಅಂಥ ಒಂಬತ್ತು ಟೈಮ್ ಕಾನ್‌ಸ್ಟಂಟ್ ಬೇಕು, ಅಂದರೆ ಸುಮಾರು 2 ಮೈಕ್ರೋಸೆಕೆಂಡ್. ಸಿಗುತ್ತಿದ್ದುದು ಮೂರೂವರೆ ಟೈಮ್ ಕಾನ್‌ಸ್ಟಂಟಿಗೂ ಕಡಿಮೆ. ಅಷ್ಟರಲ್ಲಿ ಹಿಂದಿನ ಚಾನೆಲ್‌ಗೂ ಈ ಚಾನೆಲ್‌ಗೂ ಇರುವ ವ್ಯತ್ಯಾಸದ ಶೇಕಡ 3ಕ್ಕೂ ಸ್ವಲ್ಪ ಹೆಚ್ಚು ಹಾಗೆಯೇ ಉಳಿದುಬಿಡುತ್ತದೆ.

ಶೇಕಡ 3 ಎಂದರೆ ಸಣ್ಣದೆನಿಸಬಹುದು. ಅಲ್ಲಿದ್ದ ಸೆನ್ಸರ್ 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುವ, ಬಿಸಿಯೇರಿದಂತೆ ರೆಸಿಸ್ಟೆನ್ಸ್ ಇಳಿಯುವ ಸಾಮಾನ್ಯ ಥರ್ಮಿಸ್ಟರ್. ಅದರ ಜೊತೆ 10 ಕಿಲೋಓಮ್‌ನ ಒಂದು ಸ್ಥಿರ ರೆಸಿಸ್ಟರ್ ಸೇರಿಸಿ 5 ವೋಲ್ಟ್ ಹಂಚಿದ್ದರು. ಕೋಣೆಯ 3 ಡಿಗ್ರಿಗೆ ಸುಮಾರು 3.7 ವೋಲ್ಟ್, ಹೊರಗಿನ 32 ಡಿಗ್ರಿಗೆ ಸುಮಾರು 2.1 ವೋಲ್ಟ್ ಬರುತ್ತದೆ. ವ್ಯತ್ಯಾಸ ಒಂದೂವರೆ ವೋಲ್ಟಿಗೂ ಸ್ವಲ್ಪ ಹೆಚ್ಚು, ಅದರ ಶೇಕಡ 3ರಷ್ಟು ಎಂದರೆ 50 ಮಿಲಿವೋಲ್ಟ್. ಆ ಉಷ್ಣಾಂಶದಲ್ಲಿ ಒಂದು ಡಿಗ್ರಿಗೆ ವೋಲ್ಟೇಜು ಬದಲಾಗುವುದೂ ಸರಿಸುಮಾರು ಅಷ್ಟೇ. ಹೀಗೆ ಒಂದು ಡಿಗ್ರಿ ಸುಳ್ಳಿನ ಲೆಕ್ಕ ಕಾಗದದ ಮೇಲೆ ಚೊಕ್ಕವಾಗಿ ಕೂತಿತು. ಚಳಿಗಾಲದ ಬೆಳಗಿನ 18 ಡಿಗ್ರಿಗೆ ಇದೇ ಲೆಕ್ಕ ಹಾಕಿದರೆ ತಪ್ಪು ಅರ್ಧ ಡಿಗ್ರಿಗೆ ಇಳಿಯುತ್ತದೆ. ಬಿಸಿಲೇರಿದಂತೆ ಕೂಲಿಂಗ್ ಏಕೆ ಹೆಚ್ಚು ಓಡುತ್ತಿತ್ತು ಎಂಬುದಕ್ಕೂ, ಪಾಪ ಆ ಪಡುವಣ ಗೋಡೆ ಏಕೆ ಬೈಸಿಕೊಂಡಿತು ಎಂಬುದಕ್ಕೂ ಇದೇ ಉತ್ತರ.

ಈ ಪೆಟ್ಟಿಗೆಯ ಮಾರಾಟದ ಹಾಳೆಯಲ್ಲಿ ‘12 ಬಿಟ್ ನಿಖರತೆ’ ಎಂದು ದಪ್ಪಕ್ಷರದಲ್ಲಿತ್ತು. ಇಲ್ಲಿ ಒಂದು ಮಾತು ಹೇಳಲೇಬೇಕು. 5 ವೋಲ್ಟನ್ನು 4096 ಭಾಗ ಮಾಡಿದರೆ ಒಂದೊಂದು ಭಾಗ 1.22 ಮಿಲಿವೋಲ್ಟ್ ಆಗುತ್ತದೆ, ಅದು ಅಳತೆಗೋಲಿನ ಮೇಲೆ ಗೆರೆಗಳು ಎಷ್ಟು ಒತ್ತಾಗಿವೆ ಎಂಬುದನ್ನು ಹೇಳುತ್ತದೆಯೇ ಹೊರತು ಅಳತೆಗೋಲನ್ನು ಸರಿಯಾದ ಜಾಗದಲ್ಲಿ ಹಿಡಿದಿದ್ದಾರೆಯೇ ಎಂಬುದನ್ನು ಹೇಳುವುದಿಲ್ಲ. ಆ ಬೋರ್ಡಿನ ಪ್ರೋಗ್ರಾಮು ಪ್ರತಿಯೊಂದು ಚಾನೆಲನ್ನು ಸೆಕೆಂಡಿಗೆ ಸುಮಾರು 10,000 ಸಲ ಓದಿ ಸರಾಸರಿ ತೆಗೆಯುತ್ತಿತ್ತು. ಸರಾಸರಿಯಿಂದ ಅಂಕಿ ಅಲುಗಾಡುವುದು ನಿಲ್ಲುತ್ತದೆ. ಪ್ರತಿ ಸಲವೂ ಒಂದೇ ದಿಕ್ಕಿಗೆ ಆಗುವ ತಪ್ಪು ಸರಾಸರಿಯಲ್ಲಿ ಕರಗುವುದಿಲ್ಲ. ನೋಡುವವರಿಗೆ ಮಾತ್ರ ಅಲುಗಾಡದ ಅಂಕಿ ಸತ್ಯದಂತೆ ಕಾಣುತ್ತದೆ.

ಇನ್ನು ಪತ್ರದ ತಲೆಬರಹದ ವಿಷಯ. ಚಿಪ್ಪಿಗೂ ಆ 10 ಕಿಲೋಓಮ್ ರೆಸಿಸ್ಟರುಗಳಿಗೂ ನಡುವೆ, ಒಂದೊಂದು ಪಿನ್ನಿನ ಪಕ್ಕದಲ್ಲೂ, ಬಿಳಿ ಅಕ್ಷರದಲ್ಲಿ ಸಿ11, ಸಿ12 ಎಂದು ಸಿ18ರವರೆಗೆ ಹೆಸರು ಮುದ್ರಿಸಿದ್ದ ಎಂಟು ಜಾಗಗಳಿದ್ದವು. ಎಂಟರಲ್ಲೂ ಬೆಸುಗೆ ಹಾಕಲು ಪುಟ್ಟ ತವರದ ಚೌಕಗಳಿದ್ದವು, ಬಿಡಿಭಾಗ ಇರಲಿಲ್ಲ. ಅಂದರೆ ಮೊದಲು ವಿನ್ಯಾಸ ಮಾಡಿದವರಿಗೆ ವಿಷಯ ಗೊತ್ತಿತ್ತು. ಆಮೇಲೆ ಯಾರೋ, ಬಹುಶಃ ಖರ್ಚಿನ ಪಟ್ಟಿ ನೋಡುತ್ತ, ಇವಿಲ್ಲದೆಯೂ ಬೋರ್ಡ್ ಓಡುತ್ತದಲ್ಲ ಎಂದು ಅವನ್ನು ಹಾಕುವುದನ್ನು ಕೈಬಿಟ್ಟಿದ್ದರು. ಬೋರ್ಡ್ ಓಡುತ್ತಿತ್ತು, ನಿಜ. ತಯಾರಾದ ಜಾಗದಲ್ಲಿ ಮೇಜಿನ ಮೇಲಿಟ್ಟು ಪರೀಕ್ಷಿಸುವಾಗ ಎಂಟೂ ಸೆನ್ಸರುಗಳು ಒಂದೇ ಕೋಣೆಯಲ್ಲಿ, ಒಂದೇ ಉಷ್ಣಾಂಶದಲ್ಲಿ ಇರುತ್ತವೆ. ಅಲ್ಲಿ ಈ ತಪ್ಪು ಹೊರಬೀಳುವ ಸಾಧ್ಯತೆಯೇ ಇಲ್ಲ.

ಆ 10 ಕಿಲೋಓಮ್ ರೆಸಿಸ್ಟರನ್ನು ಕಿತ್ತು ಹಾಕಿದರಾಗದೇ ಎಂದು ಕೇಳಬಹುದು. ಕೂಡದು. ಪ್ಯಾನಲ್ಲಿನಲ್ಲಿ 24 ವೋಲ್ಟಿನ ತಂತಿಗಳೂ ಓಡಾಡುತ್ತವೆ, ಇಂದಲ್ಲ ನಾಳೆ ಯಾರಾದರೂ ಒಂದನ್ನು ಸೆನ್ಸರಿನ ತಿರುಪಿಗೆ ಸಿಕ್ಕಿಸಿಯೇ ಸಿಕ್ಕಿಸುತ್ತಾರೆ. ಆ ರೆಸಿಸ್ಟರ್ ಇದ್ದರೆ ಚಿಪ್ಪಿನೊಳಗೆ ನುಗ್ಗುವ ಕರೆಂಟು 2 ಮಿಲಿಆಂಪಿಯರ್ ದಾಟುವುದಿಲ್ಲ. ಇಲ್ಲದಿದ್ದರೆ ಚಿಪ್ಪು ಸುಡುತ್ತದೆ. ಸುಡದೆ ಉಳಿದರೂ ಒಂದು ಪಿನ್ನಿಗೆ ನುಗ್ಗಿದ ಕರೆಂಟು ಒಳಗಿನ ರಕ್ಷಣಾ ಡಯೋಡಿನ ಮೂಲಕ ಪಕ್ಕದ ಚಾನೆಲ್‌ಗಳ ಅಂಕಿಯನ್ನೂ ಕೆಡಿಸುತ್ತದೆ. ಹಾಗಾಗಿ ರೆಸಿಸ್ಟರ್ ಇರಬೇಕು, ಅದರ ಜೊತೆಗಾರ ಕೆಪಾಸಿಟರೂ ಇರಬೇಕು. ನಲ್ಲಿ ಸಣ್ಣಗೆ ಬರುತ್ತಿದ್ದರೆ ನಾವು ಏನು ಮಾಡುತ್ತೇವೆ? ನಲ್ಲಿಯ ಕೆಳಗೆ ಹಂಡೆಯಿಟ್ಟು ತುಂಬಿಸಿ, ಬೇಕೆಂದಾಗ ಹಂಡೆಯೊಳಗೆ ತಂಬಿಗೆ ಅದ್ದುತ್ತೇವೆ. ಪಿನ್ನಿನ ಬಳಿಯ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಆ ಹಂಡೆ, ಚಿಪ್ಪಿನೊಳಗಿನ 20 ಪಿಕೋಫ್ಯಾರಡ್ ತಂಬಿಗೆ. ಹಂಡೆ ತಂಬಿಗೆಗಿಂತ 5,000 ಪಟ್ಟು ದೊಡ್ಡದು. ಒಂದೂವರೆ ವೋಲ್ಟಿನ ವ್ಯತ್ಯಾಸವಿದ್ದರೂ ಒಂದು ಸಲ ಅದ್ದಿದಾಗ ಹಂಡೆಯ ಮಟ್ಟ ಇಳಿಯುವುದು 0.3 ಮಿಲಿವೋಲ್ಟ್, ಅಂದರೆ ಒಂದು ಮೆಟ್ಟಿಲಿನ ಕಾಲುಭಾಗ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಕೆಪಾಸಿಟರ್ ಒಂದೆರಡು ರೂಪಾಯಿಗೆ ಸಿಗುತ್ತದೆ; ಸಾವಿರಗಟ್ಟಲೆ ಕೊಳ್ಳುವವರಿಗೆ ಇನ್ನೂ ಅಗ್ಗ.

ಎಂಟನ್ನೂ ಕೂರಿಸಿ ಬೆಸುಗೆ ಹಾಕಿದೆ. ಮತ್ತೆ ಚಹಾ ತರಿಸಿದೆ. ಒಂದನೇ ಚಾನೆಲ್‌ನಲ್ಲಿ ತಪ್ಪು ಹೆಚ್ಚುಕಡಿಮೆ ಹೋಗಿತ್ತು, ಪೂರ್ತಿ ಹೋಗಿರಲಿಲ್ಲ. ಡಿಗ್ರಿಯ ಹತ್ತನೇ ಒಂದು ಭಾಗದಷ್ಟು, ಚಹಾ ಬಿಸಿಯಿದ್ದಾಗ ಅದಕ್ಕೂ ತುಸು ಹೆಚ್ಚು, ಇನ್ನೂ ಕಾಣುತ್ತಿತ್ತು. ಇದು ಸ್ವಾರಸ್ಯದ ಜಾಗ, ಕೆಪಾಸಿಟರ್ ಹಾಕಿದರೆ ಮುಗಿಯಿತು ಎನ್ನುವವರು ಎಡವುವುದೂ ಇಲ್ಲೇ. ಸೆಕೆಂಡಿಗೆ 10,000 ಸಲ ತಂಬಿಗೆ ಅದ್ದಿದರೆ ಹಂಡೆಯಿಂದ ಹೋಗುವ ನೀರನ್ನು ಆ ಸಣ್ಣ ನಲ್ಲಿ ತುಂಬಿಕೊಡಲಾರದು. 20 ಪಿಕೋಫ್ಯಾರಡ್ ಸೆಕೆಂಡಿಗೆ 10,000 ಸಲ ತುಂಬಿ ಖಾಲಿಯಾದರೆ ಅದು 5 ಮೆಗಾಓಮ್‌ನ ಒಂದು ರೆಸಿಸ್ಟರ್ ಜೋಡಿಸಿದ್ದಕ್ಕೆ ಸಮ. ಥರ್ಮಿಸ್ಟರಿನ ಕಡೆಯ ಏಳು ಚಿಲ್ಲರೆ ಮತ್ತು ಸರಣಿಯ ಹತ್ತು ಸೇರಿ 17 ಕಿಲೋಓಮ್ ದಾಟಿ ಬರುವ ವೋಲ್ಟೇಜು ಆ ಭಾರಕ್ಕೆ 5 ಮಿಲಿವೋಲ್ಟಿನಷ್ಟು ಬಾಗುತ್ತದೆ. ಪ್ರೋಗ್ರಾಮು ಬರೆದವರಿಗೆ ಫೋನು ಮಾಡಿ, ಕೋಲ್ಡ್ ಸ್ಟೋರೇಜ್‌ನ ಉಷ್ಣಾಂಶವನ್ನು ಸೆಕೆಂಡಿಗೆ 500 ಸಲ ಓದಿದರೆ ಧಾರಾಳವಾಯಿತು ಎಂದು ವಿವರಿಸಿದೆ. ಅವರು ಸಜ್ಜನರು, ವಾದ ಮಾಡದೆ ಬದಲಿಸಿಕೊಟ್ಟರು.

ಎರಡನೆಯ ಅನುಭವ ಇದಕ್ಕೂ ಎರಡು ವರ್ಷ ಹಿಂದಿನದು, ನನ್ನ ದಡ್ಡತನದ್ದು. ಇದೇ ಬಗೆಯ ಬೋರ್ಡ್ ಇದ್ದ ಇನ್ನೊಂದು ಕಡೆ ಐದನೇ ಕೋಣೆಯ ಚೀಲಗಳನ್ನು ಹೊರತೆಗೆದಾಗ ಬೆಚ್ಚಗಿದ್ದವು. ಪ್ಯಾನಲ್ ಮಾತ್ರ ವಾರಗಟ್ಟಲೆ 4.1, 4.0 ಎಂದು ತೋರಿಸುತ್ತ ಬಂದಿತ್ತು, ಲಾಗ್ ಪುಸ್ತಕದಲ್ಲಿ ಪಾಳಿಯವರು ಅದನ್ನೇ ದುಂಡಗೆ ಬರೆದಿಟ್ಟಿದ್ದರು. ಕೋಣೆಯೊಳಗೆ ನಿಜಕ್ಕೂ ಇದ್ದದ್ದು 9 ಡಿಗ್ರಿ. ಹುಡುಕಿದಾಗ, ಪ್ಯಾನಲ್ಲಿನಿಂದ ಒಂದು ಗೇಣು ಆಚೆಗೆ ಐದನೇ ಚಾನೆಲ್‌ನ ತಂತಿಯನ್ನು ಇಲಿ ಕಡಿದು ತುಂಡು ಮಾಡಿತ್ತು. ತಂತಿ ಜೋಡಿಸಿದೆ, ಇಲಿಗೆ ಬೈದೆ, ಬಂದೆ. ತಂತಿಯೇ ಇಲ್ಲದ ಚಾನೆಲ್ 4 ಡಿಗ್ರಿಯನ್ನು ಎಲ್ಲಿಂದ ತಂದಿತು ಎಂದು ಆಗ ನನಗೆ ನಾನೇ ಕೇಳಿಕೊಳ್ಳಲಿಲ್ಲ. ಉತ್ತರ ಸರಳ: ಐದನೆಯದರ ಬಾಗಿಲು ತೆರೆದಾಗ ಹೊರಗೆ ಯಾರೂ ಇರಲಿಲ್ಲ, ಒಳಗಿನ ಕೆಪಾಸಿಟರಿನಲ್ಲಿ ನಾಲ್ಕನೇ ಕೋಣೆಯ ವೋಲ್ಟೇಜು ಇತ್ತು, ಚಿಪ್ಪು ಅದನ್ನೇ ಮತ್ತೊಮ್ಮೆ ಓದಿ ಐದನೆಯದೆಂದು ಹೇಳಿತು. ಕಂಟ್ರೋಲರ್ ನಾಲ್ಕನೇ ಕೋಣೆಗೆ ಸಾಕಾದಷ್ಟು ತಂಪನ್ನು ಐದಕ್ಕೂ ಕೊಟ್ಟು ಕೈತೊಳೆದುಕೊಂಡಿತು. ಐದನೆಯದರ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತಿತ್ತು ಎಂಬುದು ಅದಕ್ಕೆ ಗೊತ್ತಾಗುವ ಬಗೆಯೇ ಇರಲಿಲ್ಲ.

ಇದರ ಪರಿಹಾರಕ್ಕೆ ಹೊಸ ಬಿಡಿಭಾಗವೂ ಬೇಡ. ಥರ್ಮಿಸ್ಟರಿನ ಜೊತೆಗಾರ ಸ್ಥಿರ ರೆಸಿಸ್ಟರನ್ನು ಆ ಬೋರ್ಡಿನವರು ಕೋಣೆಯ ಬಾಗಿಲ ಮೇಲಿನ ಜಂಕ್ಷನ್ ಬಾಕ್ಸಿನೊಳಗೆ ಇಟ್ಟಿದ್ದರು. ಅದನ್ನೇ ಬೋರ್ಡಿನ ಮೇಲೆ, ತಂತಿ ಒಳಬರುವ ತಿರುಪಿನ ಪಕ್ಕದಲ್ಲಿ ಇಟ್ಟಿದ್ದರೆ, ತಂತಿ ಎಲ್ಲೇ ತುಂಡಾದರೂ ಆ ಪಿನ್ ನೇರವಾಗಿ 5 ವೋಲ್ಟಿಗೆ ಏರಿ ನಿಲ್ಲುತ್ತಿತ್ತು. 5 ವೋಲ್ಟ್ ಎಂದರೆ ಭೂಮಿಯ ಮೇಲೆ ಯಾವ ಕೋಣೆಯಲ್ಲೂ ಇರಲಾರದ ಚಳಿ. ಪ್ರೋಗ್ರಾಮು ಅದನ್ನು ನೋಡಿದ ತಕ್ಷಣ ‘ಸೆನ್ಸರ್ ಇಲ್ಲ’ ಎಂದು ಗಂಟೆ ಬಾರಿಸಬಹುದು. ತಂತಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆದರೆ ಸೊನ್ನೆ ವೋಲ್ಟ್, ಅದೂ ಅಷ್ಟೇ ಸ್ಪಷ್ಟ. ಇನ್ನೊಂದು ಲಾಭವೂ ಇದೆ. ಆ ರೆಸಿಸ್ಟರಿಗೆ ಕೊಡುವ 5 ವೋಲ್ಟನ್ನೂ ಎಡಿಸಿ ಹೋಲಿಸಿ ಅಳೆಯುವ ರೆಫರೆನ್ಸ್ ವೋಲ್ಟೇಜನ್ನೂ ಒಂದೇ ಮೂಲದಿಂದ ತೆಗೆದುಕೊಂಡರೆ, ಸಪ್ಲೈ 5.1 ಆಗಲಿ 4.9 ಆಗಲಿ, ಎರಡೂ ಒಟ್ಟಿಗೇ ಏರಿಳಿದು ಅಂಕಿ ಬದಲಾಗದೆ ಉಳಿಯುತ್ತದೆ.

ಕಾಲೇಜು ಓದುತ್ತಿರುವ ಓದುಗರು ಈ ಪ್ರೇತದ ಅಂಕಿಯನ್ನು ಮನೆಯಲ್ಲೇ ನೋಡಬಹುದು. ಪ್ರಾಜೆಕ್ಟಿಗೆ ತಂದ ಅರ್ಡುಯಿನೋ ಉನೋ ಎಂಬ ಪುಟ್ಟ ಪ್ರೋಗ್ರಾಮಿಂಗ್ ಬೋರ್ಡ್ ಇದ್ದರೆ, ಎ0 ಪಿನ್ನನ್ನು 5 ವೋಲ್ಟಿಗೆ ಜೋಡಿಸಿ, ಎ1 ಪಿನ್ನನ್ನು ಬರಿದೇ ಬಿಟ್ಟು, ಒಂದರ ಹಿಂದೊಂದನ್ನು ಓದಿ. ಬರಿದಾದ ಎ1 ಸಾಮಾನ್ಯವಾಗಿ ಎ0 ಹೇಳಿದ್ದಕ್ಕೇ ತಾಳ ಹಾಕುತ್ತದೆ. ಎ0 ತಂತಿಯನ್ನು ಗ್ರೌಂಡಿಗೆ ಬದಲಿಸಿದರೆ ಎ1 ಕೂಡ ಕೆಳಗಿಳಿಯುತ್ತದೆ. ಅದರೊಳಗಿನ ಎಟಿಮೆಗಾ328ಪಿ ಚಿಪ್ಪಿನ ಸ್ಯಾಂಪಲ್ ಕೆಪಾಸಿಟರ್ 14 ಪಿಕೋಫ್ಯಾರಡ್, ಮೂಲದ ರೆಸಿಸ್ಟೆನ್ಸ್ ಸುಮಾರು 10 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆ ಇರಲಿ ಎಂದು ಅದರ ಡೇಟಾಶೀಟ್ ಹೇಳುತ್ತದೆ. ಚಾನೆಲ್ ಬದಲಿಸಿದ ಮೇಲೆ ಮೊದಲ ಓದನ್ನು ಬಿಸಾಡಿ ಎರಡನೆಯದನ್ನು ತೆಗೆದುಕೊಳ್ಳುವ ರೂಢಿ ಹುಡುಗರಲ್ಲಿದೆ. ಮೂಲ ಸ್ವಲ್ಪ ನಿಧಾನವಾಗಿದ್ದಾಗ ಅದರಿಂದ ಉಪಯೋಗವುಂಟು. ತಂತಿಯೇ ತುಂಡಾದಾಗ ನೂರು ಸಲ ಬಿಸಾಡಿದರೂ ಸತ್ಯ ಬರುವುದಿಲ್ಲ.

ಮೂಲ ದುರ್ಬಲವಾಗಿದ್ದರೆ ಆಪ್ ಆಂಪ್ ಎಂಬ ವರ್ಧಕ ಚಿಪ್ಪೊಂದನ್ನು ಬಫರಾಗಿ, ಅಂದರೆ ಅದೇ ವೋಲ್ಟೇಜಿಗೆ ಬಲ ಕೊಡಲು ನಡುವೆ, ಹಾಕಿ ಎಂದು ಪುಸ್ತಕಗಳು ಹೇಳುತ್ತವೆ, ಸರಿಯಾದ ಮಾತೇ. ಆದರೆ ನಮ್ಮಲ್ಲಿ ಕೈಗೆ ಮೊದಲು ಸಿಗುವುದು ಎಲ್ಎಂ324, 5 ವೋಲ್ಟ್ ಸಪ್ಲೈಯಲ್ಲಿ ಅದರ ಔಟ್‌ಪುಟ್ ಮೂರೂವರೆ ವೋಲ್ಟಿನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ನಮ್ಮ ಶೀತಲ ಕೋಣೆಯ 3.7 ವೋಲ್ಟ್ ಅದಕ್ಕೆ ಎಟುಕುವುದೇ ಇಲ್ಲ. ಬಫರಿನ ಔಟ್‌ಪುಟ್ಟಿಗೆ ನೇರವಾಗಿ 100 ನ್ಯಾನೋಫ್ಯಾರಡ್ ಕಟ್ಟಿದರೆ ಬಹಳಷ್ಟು ಆಪ್ ಆಂಪ್‌ಗಳು ಕಂಪಿಸತೊಡಗುತ್ತವೆ, ಅವೆರಡರ ನಡುವೆ ಒಂದು ಸಣ್ಣ ರೆಸಿಸ್ಟರ್ ಬೇಕು. ನಿಧಾನವಾಗಿ ಬದಲಾಗುವ ಉಷ್ಣಾಂಶಕ್ಕೆ ನನ್ನ ಮಟ್ಟಿಗೆ ಬಫರ್ ದುಂದು. ರೆಸಿಸ್ಟರ್, ಕೆಪಾಸಿಟರ್, ತಾಳ್ಮೆಯ ಪ್ರೋಗ್ರಾಮು ಸಾಕು.

ಕಂಪ್ರೆಸರ್ ಮೋಟರುಗಳಿಗೆ ಈಗ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಸಾಧನ) ಹಾಕುತ್ತಾರೆ, ಅದರಿಂದ ಬರುವ ತೊಂದರೆಯೊಂದನ್ನೂ ಹೇಳಿಬಿಡುತ್ತೇನೆ. ಅದರ ಸ್ವಿಚಿಂಗ್ ಗದ್ದಲ ಕೆಲವು ಕಿಲೋಹರ್ಟ್ಸ್‌ನಲ್ಲಿರುತ್ತದೆ, ಉದ್ದ ತಂತಿಗಳು ಅದನ್ನು ಚೆನ್ನಾಗಿ ಹಿಡಿಯುತ್ತವೆ. 4,003 ಹರ್ಟ್ಸ್‌ನ ಗದ್ದಲವನ್ನು ಸೆಕೆಂಡಿಗೆ 1,000 ಸಲ ಓದಿದರೆ ಅಂಕಿಯಲ್ಲಿ ಅದು 3 ಹರ್ಟ್ಸ್‌ನ ನಿಧಾನವಾದ ಏರಿಳಿತವಾಗಿ ಕಾಣುತ್ತದೆ, ಉಷ್ಣಾಂಶವೇ ತೂಗಾಡುತ್ತಿದೆಯೇನೋ ಎನ್ನುವಂತೆ. ಒಮ್ಮೆ ಒಳಗೆ ಬಂದ ಮೇಲೆ ಇದು ಗದ್ದಲವೋ ನಿಜವೋ ಎಂದು ಯಾವ ಪ್ರೋಗ್ರಾಮೂ ಬೇರ್ಪಡಿಸಲಾರದು, ಬಾಗಿಲಲ್ಲೇ ತಡೆಯಬೇಕು. ಸಿ11ರಿಂದ ಸಿ18ರ ಆ ಕೆಪಾಸಿಟರುಗಳು, 17 ಕಿಲೋಓಮ್ ಜೊತೆ ಸೇರಿ, ಸುಮಾರು 90 ಹರ್ಟ್ಸ್‌ನಿಂದಾಚೆಗಿನದನ್ನು ಸೋಸುತ್ತವೆ, 4 ಕಿಲೋಹರ್ಟ್ಸ್‌ನ ಗದ್ದಲವನ್ನು ನಲವತ್ತನೇ ಒಂದು ಭಾಗಕ್ಕೂ ಕಡಿಮೆ ಮಾಡುತ್ತವೆ. ಕರೆಂಟಿನ 50 ಹರ್ಟ್ಸ್ ಗುಂಯ್ ಶಬ್ದ ಮಾತ್ರ ಹೆಚ್ಚುಕಡಿಮೆ ಹಾಗೇ ದಾಟಿ ಬರುತ್ತದೆ. ಅದಕ್ಕೆ ಸರಿಯಾಗಿ 20 ಮಿಲಿಸೆಕೆಂಡಿನ, ಇಲ್ಲವೇ ಅದರ ಪೂರ್ಣ ಗುಣಕಗಳ ಅವಧಿಯ ಸರಾಸರಿ ತೆಗೆದರೆ ಏರಿದ್ದೂ ಇಳಿದದ್ದೂ ವಜಾ ಆಗಿ ಹೋಗುತ್ತದೆ.

ಇಷ್ಟೆಲ್ಲ ಹೇಳಿ ನಾನು ಕೇಳುವುದು ಎರಡೇ. ಮೊದಲನೆಯದು ನಮ್ಮ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ. ನಾನು ಕಲಿಯುವಾಗ ಪ್ರಯೋಗಾಲಯದಲ್ಲಿದ್ದದ್ದು ಎಡಿಸಿ0809, ಎಂಟು ಚಾನೆಲ್‌ಗಳಿದ್ದರೂ ಒಂದಕ್ಕೆ ಮಾತ್ರ ಪೊಟೆನ್ಷಿಯೋಮೀಟರ್ ಜೋಡಿಸಿ, ತಿರುಗಿಸಿ, ಎಲ್ಇಡಿಗಳಲ್ಲಿ ಬೈನರಿ ಅಂಕಿ ಬಂದೊಡನೆ ಪ್ರಯೋಗ ಮುಗಿಯುತ್ತಿತ್ತು. ಈಚೆಗೆ ನನ್ನ ಬಳಿ ಕಲಿಯಲು ಬರುವ ಹುಡುಗ ಹುಡುಗಿಯರನ್ನು ಕೇಳಿದರೆ, ಚಿಪ್ಪು ಬದಲಾಗಿದೆ, ಪ್ರಯೋಗ ಬದಲಾಗಿಲ್ಲ. ಎಡಿಸಿಯೊಳಗೆ ಅಂಕಿ ಹುಡುಕುವ ಸಕ್ಸೆಸಿವ್ ಅಪ್ರಾಕ್ಸಿಮೇಷನ್ ವಿಧಾನ ಹೇಗೆ ನಡೆಯುತ್ತದೆ ಎಂದು ಅವರು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಪಿನ್ನಿನ ಮುಂದೆ 100 ಕಿಲೋಓಮ್ ಇಟ್ಟರೆ ಏನಾಗುತ್ತದೆ ಎಂದರೆ ಮುಖ ನೋಡುತ್ತಾರೆ. ಎರಡು ಚಾನೆಲ್‌ಗಳಿಗೆ ಎರಡು ಬೇರೆ ವೋಲ್ಟೇಜು ಕೊಟ್ಟು, ಸರಣಿಯ ರೆಸಿಸ್ಟರನ್ನು 1ರಿಂದ 100 ಕಿಲೋಓಮ್‌ವರೆಗೆ ಬದಲಿಸುತ್ತ, ಒಂದು ಇನ್ನೊಂದನ್ನು ಎಷ್ಟು ಎಳೆಯುತ್ತದೆ ಎಂದು ಗ್ರಾಫ್ ಬರೆಯಿಸಿ. ಒಂದು ಮಧ್ಯಾಹ್ನದ ಕೆಲಸ.

ಎರಡನೆಯದು ಇಂಥ ಪೆಟ್ಟಿಗೆಗಳನ್ನು ಕೊಳ್ಳುವವರಿಗೆ, ಮುಖ್ಯವಾಗಿ ಸಹಾಯಧನದ ಯೋಜನೆಗಳಲ್ಲಿ ಟೆಂಡರ್ ಬರೆಯುವ ಅಧಿಕಾರಿಗಳಿಗೆ. ಎಷ್ಟು ಬಿಟ್, ಎಷ್ಟು ಚಾನೆಲ್, ಮೊಬೈಲ್ ಆಪ್ ಇದೆಯೇ ಎಂದು ಕೇಳುವ ಆ ಪಟ್ಟಿಯಲ್ಲಿ ಎರಡು ಸಾಲು ಸೇರಿಸಿ. ಯಾವುದೇ ಒಂದು ಸೆನ್ಸರನ್ನು ಬಿಸಿನೀರಿನಲ್ಲಿ ಅದ್ದಿದಾಗ ಉಳಿದ ಏಳರ ಅಂಕಿ 0.1 ಡಿಗ್ರಿಗಿಂತ ಹೆಚ್ಚು ಅಲುಗಬಾರದು. ಯಾವುದೇ ಒಂದು ಸೆನ್ಸರಿನ ತಂತಿಯನ್ನು ಬಿಚ್ಚಿದಾಗ ಹತ್ತು ಸೆಕೆಂಡಿನೊಳಗೆ ಆ ಚಾನೆಲ್ ಅಂಕಿ ತೋರಿಸುವುದನ್ನು ನಿಲ್ಲಿಸಿ ದೋಷವೆಂದು ಹೇಳಬೇಕು. ಎಂಟೂ ಚಾನೆಲ್‌ಗಳಿಗೆ ಒಂದೊಂದಾಗಿ ಈ ಎರಡನ್ನೂ ಮಾಡಿ ನೋಡಲು ಸ್ಕ್ರೂಡ್ರೈವರ್ ಮತ್ತು ಒಂದು ಲೋಟ ಬಿಸಿನೀರು ಬಿಟ್ಟರೆ ಬೇರೇನೂ ಬೇಕಿಲ್ಲ, ಅರ್ಧ ಗಂಟೆ ಸಾಕು. ನೀರಿಗೆ ಅದ್ದುವ ಮೊದಲು ಸೆನ್ಸರಿನ ತುದಿ ಜಲನಿರೋಧಕವೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದ್ದಿ.

ಇತಿ ತಮ್ಮ ವಿಶ್ವಾಸಿ,
ಉಪಕರಣ ದುರಸ್ತಿಗಾರ, ಹಾವೇರಿ ಜಿಲ್ಲೆ